ಗೆಂಚೋ ಅಜ್ಜನ ನೀಲಿ ಮೀಸೆ

"ಕೈ ತೆಗಿ, ಕೈ ತೆಗಿ! ಗಾಜು ಮುಟ್ಟಬೇಡ ಅಂದ್ನಲ್ಲ!"

ಸ್ಪಾಸ್ ಮಾಮ ಕೂಗಿದ ಜೋರಿಗೆ ಅಚ್ಚಿನ ಅಂಗಡಿಯ ಕಿಟಕಿಗಳೆಲ್ಲ ಗಡಗಡ ನಡುಗಿದವು. ಬೀದಿಯಾಚೆ ಮಲಗಿದ್ದ ನಾಯಿ ಎದ್ದು ಪಕ್ಕದ ಊರಿಗೇ ಓಡಿಹೋಯಿತು. ಸರಿ, ಪಕ್ಕದ ಊರಿನವರೆಗೆ ಹೋಗಿರಲಿಕ್ಕಿಲ್ಲ. ಎದ್ದದ್ದಂತೂ ಸತ್ಯ.

ನೆವೆನಾ ಥಟ್ಟನೆ ಕೈ ಹಿಂದೆಳೆದುಕೊಂಡಳು. ಸ್ಕ್ಯಾನರಿನ ಗಾಜಿನ ಮೇಲೆ ಅವಳ ಬೆರಳ ಗುರುತು ಆಗಲೇ ಮೂಡಿತ್ತು.

"ನೋಡು, ನೋಡು," ಎಂದು ಸ್ಪಾಸ್ ಮಾಮ ಮೆತ್ತನೆ ಬಟ್ಟೆ ತೆಗೆದು ಒರೆಸತೊಡಗಿದ. "ಹೋದ ವರ್ಷ ನಮ್ಮ ಹಳೇ ಪಾದ್ರಿಯವರ ಫೋಟೋ ಇಡೋವಾಗ ನಾನು ತಿಂಡಿ ತಿಂತಿದ್ದೆ. ಒಂದೇ ಒಂದು ಚೂರು ಗಾಜಿನ ಮೇಲೆ ಬಿತ್ತು. ಊರ ತುಂಬಾ ಪಾದ್ರಿಯವರ ಮೂಗಿನ ಮೇಲೆ ನರೂಲಿ! ಅವರ ಹೆಂಡ್ತಿ ಇವತ್ತಿಗೂ ನನ್ನ ಜೊತೆ ಮಾತಾಡಲ್ಲ."

ನೆವೆನಾಗೆ ನಗು ಬರಲಿಲ್ಲ. ಅವಳ ಕೈಯಲ್ಲಿ ಗಣಿತದ ನೋಟ್‌ಬುಕ್ಕಿನಿಂದ ಹರಿದ ಒಂದು ಹಾಳೆ ಇತ್ತು. ಅದನ್ನು ಅವಳು ಮೊಟ್ಟೆ ಹಿಡಿದಂತೆ ಹಿಡಿದಿದ್ದಳು.

ಬಲ್ಗೇರಿಯಾದಲ್ಲಿ ಊರುಗಳಿಗೇನು ಬರವಿಲ್ಲ. ಆದರೆ ಸತ್ತವರನ್ನು ನಮ್ಮೂರಿನಷ್ಟು ನೆನೆಯುವ ಊರು ಭೂಮಿಯ ಮೇಲೆ ಇನ್ನೊಂದಿಲ್ಲ. ಯಾರಾದರೂ ತೀರಿಕೊಂಡರೆ ಅವರ ಮುಖ, ಹೆಸರು ಇರುವ ಹಾಳೆಯನ್ನು ಮನೆಯ ಗೇಟಿಗೆ, ಬಸ್ ಸ್ಟಾಪಿಗೆ, ಮರಕ್ಕೆ, ಕಂಬಕ್ಕೆ ಅಂಟಿಸುತ್ತೇವೆ. ನಲವತ್ತನೇ ದಿನ ಮತ್ತೊಮ್ಮೆ. ಆರು ತಿಂಗಳಿಗೆ ಇನ್ನೊಮ್ಮೆ. ಆಮೇಲೆ ವರ್ಷ ವರ್ಷವೂ. ನಮ್ಮ ಬಸ್ ಸ್ಟಾಪಿನಲ್ಲಿ ಹಾಳೆಯ ಮೇಲೆ ಹಾಳೆ ಕೂತು ಮೊಳದಷ್ಟು ದಪ್ಪವಾಗಿದೆ. ನಾಳೆ ಗೋಡೆ ಬಿದ್ದರೂ ಹಾಳೆಗಳು ಸೂರನ್ನು ಹೊತ್ತು ನಿಲ್ಲುತ್ತವೆ, ಬೇಕಾದರೆ ಪಂಥ ಕಟ್ಟಿ.

ಈ ಹಾಳೆಗಳನ್ನೆಲ್ಲ ಅಚ್ಚು ಹಾಕುವವನು ಸ್ಪಾಸ್ ಮಾಮ. ಸಂಜೆ ಸೈಕಲ್ಲಿನಲ್ಲಿ ಮನೆಗೆ ಹೋಗುತ್ತಾ ದಾರಿಯುದ್ದಕ್ಕೂ ಅಂಟಿಸುವವನೂ ಅವನೇ.

ಇನ್ನು ನೆವೆನಾಳ ಅಜ್ಜ ಗೆಂಚೋ. ಅವನು ರೈಲ್ವೆ ಗೇಟು ಕಾಯುತ್ತಿದ್ದ. ಅವನಿಗಿದ್ದ ಮೀಸೆ ಯಾವ ರಾಜನಿಗೂ ಇರಲಿಲ್ಲ. ಒಂದು ತುದಿ ಗೇಟಿನ ಈಚೆ, ಇನ್ನೊಂದು ಆಚೆ. ರೈಲಿನವರು ಸಿಗ್ನಲ್ ನೋಡುತ್ತಲೇ ಇರಲಿಲ್ಲ; ಮೀಸೆ ಮೇಲೆದ್ದರೆ ಹೊರಡುತ್ತಿದ್ದರು, ಇಳಿದರೆ ನಿಲ್ಲುತ್ತಿದ್ದರು. ಚಳಿಗಾಲದಲ್ಲಿ ಗುಬ್ಬಚ್ಚಿಗಳು ಅದರೊಳಗೆ ಬೆಚ್ಚಗೆ ಮಲಗುತ್ತಿದ್ದವು. ನಾನೇ ಎಣಿಸಿದ್ದೇನೆ.

ಮಾರ್ಚ್ ತಿಂಗಳಲ್ಲಿ ಅವನು ಸತ್ತ. ಅದರಲ್ಲಿ ಬಣ್ಣ ಕಟ್ಟಿ ಹೇಳುವಂಥದ್ದು ಏನೂ ಇಲ್ಲ.

ಆಗ ಹಾಕಿದ ಹಾಳೆಯಲ್ಲಿ ಗುರುತಿನ ಕಾರ್ಡಿನ ಫೋಟೋ ಇತ್ತು. "ಇದೇನಿದು? ಕೋಳಿ ಕದ್ದು ಸಿಕ್ಕಿಬಿದ್ದವನ ಹಾಗಿದಾನೆ," ಎಂದು ತಿಂಕಾ ಅಜ್ಜಿ ಗೊಣಗಿದ್ದಳು. ಈಗ ಸೆಪ್ಟೆಂಬರ್. ಆರು ತಿಂಗಳ ಹಾಳೆ ಹಾಕುವ ಹೊತ್ತು. ಈ ಸಲ ಅಜ್ಜಿಗೆ ಅಜ್ಜನ ಒಳ್ಳೆಯ ಮುಖ ತೋರಿಸಬೇಕು ಎಂದು ನೆವೆನಾ ಗುಟ್ಟಾಗಿ ತೀರ್ಮಾನಿಸಿದ್ದಳು. ಅಂಥ ಚಿತ್ರ ಅವಳ ಹತ್ತಿರ ಇತ್ತು.

ಅದನ್ನು ಅವಳು ಬರೆದದ್ದು ಆಸ್ಪತ್ರೆಯಲ್ಲಿ.

ಆಸ್ಪತ್ರೆ ದೂರದ ಪಟ್ಟಣದಲ್ಲಿತ್ತು. ಭಾನುವಾರ ಅಮ್ಮನ ಜೊತೆ ಬಸ್ಸಿನಲ್ಲಿ ಹೋಗುತ್ತಿದ್ದಳು. ಅಜ್ಜಿ ಒಮ್ಮೆಯೂ ಬರಲಿಲ್ಲ. ಹಿಮದ ಮೇಲೆ ಜಾರಿ ಸೊಂಟದ ಮೂಳೆ ಮುರಿದುಕೊಂಡು ಅವಳು ಮಹಡಿಯ ಕೋಣೆಯಲ್ಲೇ ಮಲಗಿದ್ದಳು. ಅವಳಿಗೂ ಅಜ್ಜನಿಗೂ ಫೋನಿನಲ್ಲೇ ಮಾತು, ಫೋನಿನಲ್ಲೇ ಜಗಳ.

ಅವತ್ತು ಅಮ್ಮ ಹೊರಗೆ ಡಾಕ್ಟರ ಹತ್ತಿರ ಮಾತಾಡುತ್ತಿದ್ದಳು. ನೆವೆನಾ ಹೋಮ್‌ವರ್ಕ್ ಬಿಟ್ಟು, ಚೌಕುಳಿ ಹಾಳೆಯ ಮೇಲೆ ಕಪ್ಪು ಪೆನ್ನಿನಿಂದ ಅಜ್ಜನನ್ನು ಬರೆದಳು. ಕಂಡದ್ದು ಕಂಡ ಹಾಗೆ. ಗುಳಿಬಿದ್ದ ಕೆನ್ನೆ. ಉಣ್ಣೆ ಟೋಪಿಯೊಳಗೆ ಬೋಳು ತಲೆ. ಔಷಧಿಗೆ ಹುಬ್ಬು ಉದುರಿತ್ತು, ಮೀಸೆಯೂ ಉದುರಿತ್ತು. ಅಜ್ಜನ ಮೇಲ್ದುಟಿಯನ್ನು ಅವಳು ಹುಟ್ಟಿದಮೇಲೆ ಮೊದಲ ಸಲ ನೋಡಿದ್ದೇ ಆಗ.

ಅಜ್ಜ ಹಾಳೆಯನ್ನು ಇಸಿದುಕೊಂಡು ತುಂಬಾ ಹೊತ್ತು ನೋಡಿದ.

"ಮುಖ್ಯವಾದ್ದನ್ನೇ ಬಿಟ್ಟಿದೀಯಲ್ಲೇ ಪೆದ್ದಿ!"

ಮೇಜಿನ ಮೇಲೆ ನರ್ಸ್ ಬಿಟ್ಟುಹೋಗಿದ್ದ ನೀಲಿ ಪೆನ್ನು ತೆಗೆದುಕೊಂಡ. ನಾಲಿಗೆ ಕಚ್ಚಿಕೊಂಡು, ಒತ್ತಿ ಒತ್ತಿ, ಮೂಗಿನ ಕೆಳಗೆ ಮೀಸೆ ಬರೆದ. ಹಾಳೆಯ ಈ ಅಂಚಿನಿಂದ ಆ ಅಂಚಿನವರೆಗೆ.

"ಈಗ ಸರಿ," ಅಂದ. "ಇದನ್ನ ಅಜ್ಜಿಗೆ ತೋರಿಸಬಹುದು."

ತೋರಿಸುವುದರೊಳಗೆ ಅವನೇ ಹೋಗಿಬಿಟ್ಟ. ನೆವೆನಾ ಆ ನೋಟ್‌ಬುಕ್ಕನ್ನು ಮುಚ್ಚಿಟ್ಟವಳು ಮತ್ತೆ ತೆರೆದಿರಲಿಲ್ಲ. ಇವತ್ತು ಬೆಳಿಗ್ಗೆ ಸ್ಕೂಲಿನಲ್ಲಿ ತೆರೆದಳು. ಪಕ್ಕದ ಬೆಂಚಿನ ಮಿರೋ ಇಣುಕಿದ. ಆ ಹುಡುಗನ ಕತ್ತು ಜಿರಾಫೆಗಿಂತ ಉದ್ದ.

"ಏಯ್, ನಿಮ್ಮಜ್ಜನ್ನ ಯಾಕೆ ಜೈಲಿಗೆ ಹಾಕಿದೀಯಾ?"

"ಯಾವ ಜೈಲು?"

"ಮುಖದ ಮೇಲೆಲ್ಲಾ ಕಂಬಿ ಇದಾವಲ್ಲ! ನೀಲಿ ಕಂಬಿ!"

ಹಾಳೆಯ ಚೌಕುಳಿ ಗೆರೆಗಳು. ಅಲ್ಲಿಯವರೆಗೂ ಅವು ನೆವೆನಾಳ ಕಣ್ಣಿಗೆ ಬಿದ್ದಿರಲಿಲ್ಲ. ಒಮ್ಮೆ ಬಿದ್ದಮೇಲೆ ಬೇರೇನೂ ಕಾಣಲಿಲ್ಲ.

"ಮಾಮ, ಈ ಚೌಕ ತೆಗೆಯೋಕಾಗುತ್ತಾ?" ಎಂದು ಅವಳೀಗ ಅಂಗಡಿಯಲ್ಲಿ ಕೇಳಿದಳು.

"ಆಗುತ್ತಾ ಅಂತೀಯಾ? ಈ ಮಷೀನು ಆನೆಯನ್ನ ಇಟ್ಟರೆ ಇರುವೆ ಮಾಡಿ ಕೊಡುತ್ತೆ!" ಸ್ಪಾಸ್ ಮಾಮ ಹಾಳೆಯನ್ನು ತಿರುಗಿಸಿ ನೋಡಿದ. ಹಿಂದೆ ಭಾಗಾಕಾರದ ಲೆಕ್ಕ. "ಹಿಂದಿನ ಲೆಕ್ಕ ಮುಂದೆ ಇಣುಕುತ್ತೆ. ಅದಕ್ಕೆ ಮೇಲೆ ಒಂದು ಕಪ್ಪು ರಟ್ಟು ಇಡ್ಬೇಕು. ಹಾಂ, ಹೀಗೆ. ಮತ್ತೆ ಕಪ್ಪು-ಬಿಳುಪಲ್ಲಿ ತೆಗೀಬಾರ್ದು, ಬಣ್ಣದಲ್ಲೇ ತೆಗೀಬೇಕು."

"ಚಿತ್ರ ಕಪ್ಪು ಗೆರೆ ತಾನೇ?"

"ಕಪ್ಪು-ಬಿಳುಪಲ್ಲಿ ತೆಗೆದ್ರೆ ಮಷೀನಿಗೆ ಎಲ್ಲಾ ಗೆರೆನೂ ಒಂದೇ. ಬಣ್ಣದಲ್ಲಿ ತೆಗೆದ್ರೆ ಯಾವುದು ಕಪ್ಪು, ಯಾವುದು ನೀಲಿ ಅಂತ ಗೊತ್ತಾಗುತ್ತೆ. ಆಮೇಲೆ ಕಂಪ್ಯೂಟರಲ್ಲಿ ನೀಲಿಗೆ ಮಾತ್ರ 'ಹೋಗಪ್ಪಾ' ಅಂದ್ರೆ ಹೋಗುತ್ತೆ. ಎಷ್ಟು ತೆಗೀಲಿ? ಸ್ವಲ್ಪ ಮಾಸಲಾಗಿ ಉಳಿದ್ರೆ ಪರವಾಗಿಲ್ವಾ?"

ನೆವೆನಾಗೆ ಮಿರೋನ ಮುಖ ನೆನಪಾಯಿತು.

"ಬೇಡ ಮಾಮ. ನೀಲಿ ಒಂದು ಚೂರೂ ಉಳೀಬಾರ್ದು."

ಹಾಗಂದಳು. ಅವಳನ್ನು ಬೈಯಬೇಡಿ. ಆ ಮೀಸೆ ನೀಲಿ ಎಂದು ಅವಳಿಗೆ ಒಂದು ದಿನವೂ ಅನಿಸಿರಲಿಲ್ಲ. ಮೀಸೆ ಮೀಸೆಯ ಬಣ್ಣಕ್ಕಿತ್ತು, ಅಷ್ಟೇ.

ಸ್ಕ್ಯಾನರಿನ ಬೆಳಕು ಸರ್ರನೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಯಿತು. ಸ್ಪಾಸ್ ಮಾಮ ಹಾಳೆಯನ್ನು ವಾಪಸ್ ಕೊಟ್ಟ. "ಉಳಿದಿದ್ದು ನಂಗೆ ಬಿಡು. ಸಂಜೆ ಅಂಟಿಸ್ತೀನಿ."

ಮನೆಯಲ್ಲಿ ಅಜ್ಜಿ ಒಬ್ಬಳೇ ಚಳಿಗಾಲಕ್ಕೆ ಕೂಡಿಡಲು ದಪ್ಪ ಮೆಣಸಿನಕಾಯಿ ಸುಡುತ್ತಿದ್ದಳು. ಸಿಪ್ಪೆ ಸುಲಿಯಲು ಜನ ಬೇಕು. ನೆವೆನಾ ಓಡಿದಳು.

ಮಾರನೆಯ ದಿನ ಶನಿವಾರ. ಅಜ್ಜಿ ಇನ್ನೂ ಏಳುವ ಮೊದಲೇ ನೆವೆನಾ ಹಿತ್ತಿಲ ಬಾಗಿಲಿನಿಂದ ಬಸ್ ಸ್ಟಾಪಿಗೆ ಹೋದಳು. ಅಲ್ಲಿ ಮಿರೋ ಬ್ರೆಡ್ಡಿನ ಚೀಲ ಹಿಡಿದು ನಿಂತಿದ್ದ. ಅವಳನ್ನು ಕಂಡವನೇ ಒಂದು ಹೆಜ್ಜೆ ಸರಿದು ಜಾಗ ಬಿಟ್ಟ.

ಚೌಕುಳಿ ಇರಲಿಲ್ಲ. ಒಂದು ಕಂಬಿಯೂ ಇರಲಿಲ್ಲ. ಬಿಳಿ ಅಂದರೆ ಬಿಳಿ, ಹೊಸ ಹಿಮದಂಥ ಬಿಳಿ. ಅದರ ನಡುವೆ ಒಂದೊಂದು ಕಪ್ಪು ಗೆರೆಯೂ ಸೂಜಿಯಷ್ಟು ಚೊಕ್ಕ.

ಮೀಸೆಯೂ ಇರಲಿಲ್ಲ.

ಗುಳಿಬಿದ್ದ ಕೆನ್ನೆಯ, ಬೋಳು ತುಟಿಯ ಒಬ್ಬ ಮುದುಕ ಗೋಡೆಯಿಂದ ನೋಡುತ್ತಿದ್ದ. ಸಾಯುತ್ತಿರುವ ಮುದುಕ. ಕೆಳಗೆ ದಪ್ಪಕ್ಷರದಲ್ಲಿ ಅಜ್ಜನ ಹೆಸರು.

"ನೆವೆನಾ," ಎಂದ ಮಿರೋ ಮೆಲ್ಲಗೆ. "ಕೊನೆಗೆ... ಹೀಗಾಗಿದ್ರಾ?"

ಅವನು ಗೇಲಿ ಮಾಡಿದ್ದರೆ ಹೊಡೆಯಬಹುದಿತ್ತು. ಅವನು ಗೇಲಿ ಮಾಡಲಿಲ್ಲ.

ನೆವೆನಾ ಹಾಳೆಯ ಮೂಲೆ ಹಿಡಿದು ಜಗ್ಗಿದಳು. ಸ್ಪಾಸ್ ಮಾಮನ ಅಂಟು ಎಂಥದೆಂದರೆ ಹಾಳೆ ಕಿತ್ತರೆ ಊರೇ ಕಿತ್ತುಬರುತ್ತದೆ. ಉಗುರು ಮುರಿಯಿತು. ಅಷ್ಟರಲ್ಲಿ ಸ್ಪಾಸ್ ಮಾಮನೇ ಸೈಕಲ್ಲಿನಲ್ಲಿ ಬಂದ.

"ಮಾಮ! ಅಜ್ಜನ ಮೀಸೆ ಎಲ್ಲಿ?"

ಅವನು ಬಗ್ಗಿ ನೋಡಿದ. ಕೆಂಪು ಮುಖ ಬಿಳಿಚಿತು. "ನಾನು ಮುಖ ನೋಡಲ್ಲ ಮಗಳೇ," ಅಂದ. "ದಿನಾ ಸತ್ತವರ ಮುಖ ನೋಡ್ತಾ ಕೂತ್ರೆ ಊಟ ಸೇರಲ್ಲ. ಹೆಸರು, ತಾರೀಕು ಸರಿ ಇದೆಯಾ ಅಂತಷ್ಟೇ ನೋಡ್ತೀನಿ." ಆಮೇಲೆ ತಲೆ ತಗ್ಗಿಸಿದ. "ನಿಮ್ಮ ಗೇಟಿಗೂ ಒಂದು ಅಂಟಿಸಿಬಿಟ್ಟಿದೀನಲ್ಲ."

ನೆವೆನಾ ಓಡಿದಳು. ಗಾಳಿ ಹಿಂದೆ ಬಿತ್ತು, ಅವಳ ನೆರಳು ಹಿಂದೆ ಬಿತ್ತು. ಆದರೂ ತಡವಾಗಿತ್ತು.

ತಿಂಕಾ ಅಜ್ಜಿ ಊರುಗೋಲಿಗೆ ಎರಡೂ ಕೈ ಊರಿಕೊಂಡು ಗೇಟಿನ ಮುಂದೆ ನಿಂತಿದ್ದಳು.

"ಇದು ನೀನು ಬರೆದದ್ದಾ?" ತಿರುಗದೆ ಕೇಳಿದಳು.

"ಹೂಂ."

"ಆಸ್ಪತ್ರೇಲಾ?"

"ಹೂಂ ಅಜ್ಜಿ."

"ಮೀಸೆ ಎಲ್ಲಿ ಹೋಯ್ತು?"

ನೆವೆನಾ ಬಾಯಿ ತೆರೆದಳು. "ಔಷಧಿಗೆ... ಎಲ್ಲಾ ಉದುರಿಹೋಯ್ತು."

ಅಜ್ಜಿ ಅಲ್ಲಾಡಲಿಲ್ಲ. ಮಾರ್ಚ್ ತಿಂಗಳಲ್ಲಿ ಅಜ್ಜನ ತೆರೆದ ಶವಪೆಟ್ಟಿಗೆಯನ್ನು ಈ ಗೇಟಿನ ಮುಂದೆ ಒಂದು ಗಳಿಗೆ ಇಳಿಸಿದ್ದರು. ಆಗ ಅವಳು ಮಹಡಿಯ ಕಿಟಕಿಯಲ್ಲಿದ್ದಳು. ಅಲ್ಲಿಂದ ಕಂಡದ್ದು ಒಂದು ಟೋಪಿ, ಮಿಕ್ಕಿದ್ದೆಲ್ಲ ಹೂವು.

"ಫೋನ್ ಮಾಡಿದಾಗಲೆಲ್ಲ ಬೇಗ ಎತ್ತುತ್ತಿರಲಿಲ್ಲ," ಎಂದಳು ಅಜ್ಜಿ. "ಯಾಕೋ ತಡ ಅಂದ್ರೆ, ಮೀಸೆ ಬಾಚ್ತಿದ್ದೆ ಕಣೇ ತಿಂಕಾ, ಅಂತಿದ್ದ. ನಾನು ಬೈತಿದ್ದೆ. ಹೆಂಡತಿಗಿಂತ ಮೀಸೆಯೇ ಹೆಚ್ಚಾಯ್ತಾ ನಿಂಗೆ, ಅಂತ. ಕೊನೇ ದಿನಾನೂ ಬೈದೆ."

ನೆವೆನಾ ಜೇಬಿನಿಂದ ಮಡಿಸಿದ ಹಾಳೆ ತೆಗೆದು ಕೊಟ್ಟಳು. ಅಳು ಬರುತ್ತಿತ್ತು. "ನಾನೇ ನೀಲಿ ತೆಗೀರಿ ಅಂದೆ ಅಜ್ಜಿ. ಇದು ಅಜ್ಜ ಬರೆದದ್ದು. ಮೀಸೆ ಮಾತ್ರ. ಇದಿದ್ರೆ ಅಜ್ಜಿಗೆ ತೋರಿಸಬಹುದು ಅಂದ್ರು."

ಅಜ್ಜಿ ಹಾಳೆಯನ್ನು ಕಣ್ಣಿನ ಹತ್ತಿರ ಹಿಡಿದಳು. ನೀಲಿ ಮೀಸೆಯ ಮೇಲೆ ಹೆಬ್ಬೆರಳು ಆಡಿಸಿದಳು. ಹಾಳೆ ತಿರುಗಿಸಿ ಹಿಂದೆಯೂ ಮುಟ್ಟಿದಳು. ಪೆನ್ನು ಒತ್ತಿದ ಉಬ್ಬು ಅಲ್ಲಿ ಬೆರಳಿಗೆ ಸಿಗುತ್ತಿತ್ತು.

"ಎಡಗಡೆ ಜಾಸ್ತಿ ಮೇಲೆ ಬರೆದಿದಾನೆ. ಸುಳ್ಳುಗಾರ," ಎಂದಳು. "ಎಡಗಡೆದು ಯಾವಾಗಲೂ ಜೋತುಬೀಳ್ತಿತ್ತು."

"ಸ್ಪಾಸ್ ಮಾಮ ಬೇರೆ ಮಾಡಿಕೊಡ್ತಾರೆ ಅಜ್ಜಿ. ಬರೀ ಚೌಕ ತೆಗೆದು ಮೀಸೆ ಉಳಿಸ್ಬಹುದು. ಮೀಸೆಯ ಸುತ್ತ ಒಂದೊಂದೇ ಗೆರೆ ಕೈಯಲ್ಲಿ ಅಳಿಸ್ಬೇಕು. ನಾನೇ ಕೂತು ಅಳಿಸ್ತೀನಿ."

"ಬೇಡ. ನಿನ್ನ ನೀಲಿ ಪೆನ್ ತಗೊಂಡ್ ಬಾ."

ಇಬ್ಬರೂ ಹೊರಟರು. ಅಜ್ಜಿಯ ನಡಿಗೆಗೆ ಬಸವನಹುಳುಗಳೂ ದಾಟಿ ಮುಂದೆ ಹೋದವು. ಬಸ್ ಸ್ಟಾಪಿನಲ್ಲಿ ಮಿರೋ, ಸ್ಪಾಸ್ ಮಾಮ ಇನ್ನೂ ಅಲ್ಲೇ ಇದ್ದರು. ಅಜ್ಜಿ ಊರುಗೋಲನ್ನು ಮಿರೋನ ಕೈಗೆ ತುರುಕಿದಳು. ಒಂದು ಕೈ ಗೋಡೆಗೆ ಕೊಟ್ಟು, ಇನ್ನೊಂದರಿಂದ ಅಜ್ಜನಿಗೆ ಮೀಸೆ ಬರೆದಳು. ಎಡಗಡೆ ಜೋತುಬಿದ್ದ ಮೀಸೆ.

ಬೇಕರಿಯ ಗೋಡೆಯಲ್ಲಿ ಬರೆದಳು. ಚರ್ಚಿನ ಮುಂದಿನ ಅಕ್ರೋಟು ಮರದಲ್ಲಿ ಬರೆದಳು. ಪೆನ್ನು ಕಕ್ಕಿ ಬೆರಳೆಲ್ಲ ನೀಲಿಯಾಯಿತು. ರೈಲ್ವೆ ಗೇಟಿನ ಕಂಬದಲ್ಲಿ ಬರೆದ ಮೀಸೆ ಎಷ್ಟು ಉದ್ದವಾಯಿತೆಂದರೆ ಹಾಳೆ ಸಾಲದೆ ಕಂಬದ ಮೇಲೂ ಹೋಯಿತು. ಇದೊಂದನ್ನು ನಾನು ಹೆಚ್ಚು ಮಾಡಿ ಹೇಳುತ್ತಿಲ್ಲ. ಹೋಗಿ ನೋಡಿ.

ಕೊನೆಗೆ ಉಳಿದದ್ದು ಮನೆಯ ಗೇಟು.

ಅಜ್ಜಿ ಪೆನ್ನು ಎತ್ತಿದಳು. ಕೈ ಅಜ್ಜನ ಮೂಗಿನ ಹತ್ತಿರ ಹೋಗಿ ನಿಂತಿತು. ನೆವೆನಾ ಕಾದಳು. ಆ ಬೋಳು ತುಟಿಯನ್ನು ಅಜ್ಜಿ ನೋಡುತ್ತಲೇ ಇದ್ದಳು. ಆಮೇಲೆ ಪೆನ್ನಿಗೆ ಮುಚ್ಚಳ ಹಾಕಿದಳು.

"ಇಲ್ಲಿ ಹೀಗೇ ಇರಲಿ," ಎಂದಳು. "ಮನೆಗೆ ಬಂದಮೇಲೂ ವೇಷ ಯಾಕೆ?"

ಅಂಗಳದಲ್ಲಿ ನಿನ್ನೆ ಸುಡದೆ ಉಳಿದ ಮೆಣಸಿನಕಾಯಿ ಹಾಗೇ ಇತ್ತು. ಅಜ್ಜಿ ನಲ್ಲಿಯ ಹತ್ತಿರ ಕೂತು ತೊಳೆಯತೊಡಗಿದಳು. ನೆವೆನಾ ಒಳಗೆ ಹೋಗಿ ಸೋಪು ಹಿಡಿದುಕೊಂಡು ಬಂದಳು.

ಅಜ್ಜಿ ಎಡಗೈ ಒಂದರಲ್ಲೇ ತೊಳೆಯುತ್ತಿದ್ದಳು. ನೀಲಿಯಾಗಿದ್ದ ಬಲಗೈಯನ್ನು ನೀರು ತಾಗದಂತೆ ಮಡಿಲಲ್ಲಿ ಇಟ್ಟುಕೊಂಡಿದ್ದಳು.

ನೆವೆನಾ ಸೋಪನ್ನು ಜೇಬಿಗೆ ಹಾಕಿಕೊಂಡು ಪಕ್ಕದಲ್ಲಿ ಕೂತಳು. ಇನ್ನೊಂದು ಕೈಯ ಕೆಲಸವನ್ನು ಅವಳು ಮಾಡಿದಳು.