ಪುಸ್ತಕದಲ್ಲಿ ಇಲ್ಲದ್ದು

"ಥೂ! ದೂರ ನಿಲ್ಲು, ಮೀನಿನವಳೇ!"

ಹಳೆಯ ಕಾದಂಬರಿಯ ಧಣಿಯ ಮಾತನ್ನು ಗಟ್ಟಿಯಾಗಿ ಓದಿ, ಲವಿನಾ ಎರಡು ಬೆರಳಲ್ಲಿ ಮೂಗು ಹಿಡಿದುಕೊಂಡಳು. ಬಲ್ಮಠದ ಕಾಲೇಜು ಸಭಾಂಗಣ ಗೊಳ್ಳೆಂದು ನಕ್ಕಿತು. ಭಾನುವಾರದ ಓದುಕೂಟದಲ್ಲಿ ಈ ಕನ್ನಡ ಉಪನ್ಯಾಸಕಿಗೆ ಇಷ್ಟು ಚಪ್ಪಾಳೆ ಸಿಕ್ಕಿದ್ದು ಇದೇ ಮೊದಲು. ಚಪ್ಪಾಳೆ ಸಿಕ್ಕಿದವರ ಕಾಲು ನೆಲದ ಮೇಲೆ ನಿಲ್ಲುವುದುಂಟೇ?

ತಲೆಯೆತ್ತಿದಳು. ಬಾಗಿಲ ಬಳಿ ರೋಷನ್! ಅವಳ ರೋಷನ್... ಇವತ್ತು ಅಮ್ಮನನ್ನು ಕರೆತರುತ್ತೇನೆ ಎಂದಿದ್ದವನು. ಪಕ್ಕದಲ್ಲಿ ಇಸ್ತ್ರಿ ಸೀರೆಯುಟ್ಟು, ಮಲ್ಲಿಗೆ ಮುಡಿದು ನಿಂತ ಹೆಂಗಸು...

ಅಯ್ಯೋ ದೇವರೇ! ಪ್ರತಿ ಶುಕ್ರವಾರ ಜೆಪ್ಪು ಮಾರ್ಕೆಟಿನಲ್ಲಿ ತನಗೆ ಬಂಗುಡೆ ಮೀನು ಕೊಡುವ ಹೆಂಗಸು!

ಅಮ್ಮ ಮೀನು ಮಾರುತ್ತಾರೆ ಎಂದು ರೋಷನ್ ಹೇಳಿದ್ದ. ಎಲ್ಲಿ ಎಂದು ಇವಳು ಕೇಳಿರಲಿಲ್ಲ.

ಆಕೆ ಮಗನ ತೋಳು ಹಿಡಿದು ಹೊರಗೆ ನಡೆದರು.

ಸಂಜೆ ಹತ್ತನೇ ಸಲಕ್ಕೆ ಅವನು ಫೋನ್ ಎತ್ತಿದ.

"ರೋಷನ್, ಪ್ಲೀಸ್... ಅದು ದೊಡ್ಡ ಕಾದಂಬರಿ. ಅವಮಾನವನ್ನು ತೋರಿಸ್ತದೆ, ಅವಮಾನ ಮಾಡುವುದಿಲ್ಲ. ಬೈದದ್ದು ಧಣಿ, ಬರೆದವರಲ್ಲ!"

"ನೀನೇ ಕೊಟ್ಟದ್ದಲ್ವಾ, ನಾನೂ ಓದಿದ್ದೇನೆ. ಧಣಿಯ ನಾಯಿಗೆ ಹೆಸರು ಉಂಟು. ಆ ಮೀನಿನ ಹೆಂಗಸಿಗೆ ಹೆಸರು ಎಂತ?"

ಅವಳು ಪುಟ ತಿರುವಿದಳು. ಮುನ್ನೂರು ಪುಟಗಳಲ್ಲಿ ಎಲ್ಲಿಯೂ ಇರಲಿಲ್ಲ. ಏಳು ವರ್ಷ ಪಾಠ ಮಾಡಿದ ಪುಸ್ತಕ!

"ಇಲ್ಲ..."

"ನನ್ನ ಅಮ್ಮನ ಹೆಸರು ಎಂತ, ಲವಿನಾ?"

ಪ್ರೀತಿ ಶುರುವಾಗಿ ವರ್ಷ ಕಳೆದಿತ್ತು. ಅವಳು ಒಮ್ಮೆಯೂ ಕೇಳಿರಲಿಲ್ಲ. ಫೋನ್ ಕಟ್ಟಾಯಿತು. ಬರೆದವರನ್ನು ಯಾವ ಮುಖದಲ್ಲಿ ವಹಿಸಿಕೊಂಡು ಮಾತಾಡಿದೆ... ನಾನೇನು ಅವರಿಗಿಂತ ಮೇಲೇ?

ಮರುದಿನ ಬೆಳಿಗ್ಗೆ ಮೀನು ಮಾರ್ಕೆಟಿನಲ್ಲಿ ರೋಷನ್ ಅಂದು ಅಮ್ಮನಿಗಾಗಿ ಐಸ್ ಪೆಟ್ಟಿಗೆ ಇಳಿಸುತ್ತಿದ್ದ. ಇವಳನ್ನು ಕಂಡು ಮುಖ ತಿರುಗಿಸಿದ.

"ಬಂಗುಡೆಯಾ, ಮೇಡಂ?" ಅವನ ಅಮ್ಮನ ದನಿಯಲ್ಲಿ ಕೋಪವಿರಲಿಲ್ಲ. ಲವಿನಾಳಿಗೆ ಅದೇ ಹೆಚ್ಚು ಚುಚ್ಚಿತು.

"ಮೀನು ಬೇಡ... ನಿಮ್ಮ ಹೆಸರು ಕೇಳ್ಲಿಕ್ಕೆ ಬಂದೆ."

"ದಮಯಂತಿ." ಆಕೆ ಚೂರಿ ಕೆಳಗಿಟ್ಟರು. "ಆ ಧಣಿಯ ಹಾಗೆ ಮಾತಾಡುವವರನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಬರೆದವರು ಸುಳ್ಳು ಬರೀಲಿಲ್ಲ. ಆದ್ರೆ ಮೂಗು ಹಿಡಿದದ್ದು... ಅದು ಪುಸ್ತಕದಲ್ಲಿ ಉಂಟಾ?"

ಉಂಟು ಎನ್ನಬಹುದಿತ್ತು. ರೋಷನ್ ಕೂಡ ಈಗ ಅವಳನ್ನೇ ನೋಡುತ್ತಿದ್ದ.

"ಇಲ್ಲ ಆಂಟಿ... ಅದು ನಾನೇ ಸೇರಿಸಿದ್ದು. ಜನ ನಗ್ಲಿ ಅಂತ."

ಹೇಳುತ್ತಿದ್ದಂತೆ ಅಳು ಉಕ್ಕಿ ಬಂತು. ದಮಯಂತಿ ಸಮಾಧಾನ ಮಾಡಲಿಲ್ಲ. ಮಗನ ಕಡೆ ತಿರುಗಿದರು.

"ರೋಷನ್, ಇವಳಿಗೆ ಆ ಸ್ಟೂಲ್ ಕೊಡು. ಕೂತು ಅಳ್ಲಿ."

ಆಕೆ ಗಿರಾಕಿಯೊಬ್ಬರ ಕಡೆ ಹೋದರು. ಅವನು ಸ್ಟೂಲ್ ತಂದಿಟ್ಟು ಅವಳ ಮುಂದೆ ಕುಕ್ಕರುಗಾಲಲ್ಲಿ ಕುಳಿತ.

"ಬರುವ ಭಾನುವಾರ ಅದೇ ಹಾಲ್‌ನಲ್ಲಿ ಹೇಳ್ತೇನೆ. ಪುಸ್ತಕದ ತಪ್ಪು ಯಾವುದು, ನನ್ನದು ಯಾವುದು ಅಂತ..." ಎಂದಳು ಲವಿನಾ.

"ಎಲ್ಲರ ಎದುರು ನಾಚಿಕೆ ಆಗ್ತದೆ ಮಾರಾಯ್ತಿ."

"ಆಗ್ಲಿ. ಆಂಟಿ ಬರ್ತಾರಾ?"

"ಅಮ್ಮ ಬರ್ಲಿಕ್ಕಿಲ್ಲ."

"ನೀನು?"

ಅವನು ಅವಳ ಕೆನ್ನೆ ಒರೆಸಿದ.

"ಬರ್ತೇನೆ. ನಿನ್ನ ಎದುರಿನ ಸಾಲಿನಲ್ಲೇ ಕೂರ್ತೇನೆ."