ಕೊನೆಯ ಪುಟದ ಒಡೆಯ

"ನಿಮ್ಮ ಪುಸ್ತಕದ ಕೊನೆಯ ಪುಟ ಸುಳ್ಳು," ಎಂದೆ.

ಹಿಂದಿನ ಸೀಟಿನಿಂದ ಅಕ್ಷಯಾ ವ್ಯಾನಿನ ಕನ್ನಡಿಯಲ್ಲಿ ನನ್ನನ್ನು ನೋಡಿದಳು. ಸಿಟ್ಟು ಬಂದರೆ ಅವಳ ಎಡ ಹುಬ್ಬು ಮಾತ್ರ ಏರುತ್ತದೆ. ಆ ಹುಬ್ಬಿಗಾಗಿ, ಅವಳನ್ನು ಕನ್ನಡ ಕ್ಲಾಸಿಗೆ ಕರೆದೊಯ್ಯುವ ಎಷ್ಟೋ ಶುಕ್ರವಾರ ಬೇಕೆಂದೇ ಜಗಳ ತೆಗೆದಿದ್ದೇನೆ. ಇವತ್ತು ಹಾಗಲ್ಲ.

"ಯಾವಾಗ ಓದಿದ್ರಿ ದುಗ್ಗು?"

"ಸಿಗ್ನಲ್‌ನಲ್ಲಿ. ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟವನಿಗೂ ಮಕ್ಕಳ ಪುಸ್ತಕ ಓದ್ಲಿಕ್ಕೆ ಬರ್ತದೆ."

ಗೋವಾದ ಒಡೆಯನಿಂದ ತಪ್ಪಿಸಿಕೊಂಡು ಯಲ್ಲಾಪುರದ ಕಾಡಿಗೆ ಓಡುವ ಗುಲಾಮ ಸಿದ್ದಿ ಹುಡುಗಿಯ ಕಥೆ. ಚಿತ್ರಗಳೂ ಅಕ್ಷಯಾಳವೇ. ಹುಡುಗಿ ಕಾಲಿನ ಸರಪಳಿ ಎಳೆದುಕೊಂಡೇ ಹೊಳೆ ದಾಟುತ್ತಾಳೆ, ಮರದ ಪೊಟರೆಯಲ್ಲಿ ಮಲಗುತ್ತಾಳೆ. ಕೊನೆಗೆ ಒಡೆಯನೇ ಬಂದು, ಕಣ್ಣೀರು ಹಾಕಿ, ಸರಪಳಿ ಬಿಚ್ಚುತ್ತಾನೆ. ಹುಡುಗಿ ಕೈಮುಗಿಯುತ್ತಾಳೆ.

"ಮಕ್ಕಳು ಹೆದರಬಾರದಲ್ವಾ. ಹಾಗೆ ಮುಗಿಸು ಅಂತ ಅಣ್ಣ ಹೇಳಿದ."

"ಅಣ್ಣ ಹೇಳದೆ ಇರ್ತಾರಾ? ನನ್ನ ಪಾಸ್‌ಪೋರ್ಟ್ ಯಾರ ಡ್ರಾಯರ್‌ನಲ್ಲಿ ಉಂಟು, ಗೊತ್ತುಂಟಾ ನಿಮಗೆ?"

ಹುಬ್ಬು ಇಳಿಯಿತು.

ಅವಳ ಅಣ್ಣ ಯಜ್ಞೇಶ್ ನನ್ನ ಬಾಸ್; ಅವನ ಎಸಿ ರಿಪೇರಿ ವ್ಯಾನ್ ಓಡಿಸುವವನು ನಾನು. ನಾನು ದೋಹಾದಲ್ಲಿ ಇಳಿದ ದಿನವೇ, "ನನ್ನ ಹತ್ತಿರ ಇರಲಿ, ಸೇಫ್," ಎಂದು ಪಾಸ್‌ಪೋರ್ಟ್ ತೆಗೆದುಕೊಂಡ. ಊರಿನವರಿಗೆ ಊರಿನವರು ಹಾಗೆಯೇ ಕೊಡುವುದು. ವಾಪಸ್ ಕೇಳಿದರೆ ನಂಬಿಕೆ ಇಲ್ಲ ಎಂದ ಹಾಗೆ. ತಂಗಿಯ ಮದುವೆಗೆ ಕೇಳಿದೆ. "ಎಸಿ ಕೆಲಸ ಜೋರುಂಟು, ಬೇಸಿಗೆ ಮುಗೀಲಿ ಮಾರಾಯ," ಎಂದ. ತಂಗಿಯ ಧಾರೆಯನ್ನು ಇದೇ ವ್ಯಾನಿನಲ್ಲಿ ಕೂತು ಫೋನಿನಲ್ಲಿ ನೋಡಿದೆ. ಇನ್ನೊಬ್ಬರ ಪಾಸ್‌ಪೋರ್ಟ್ ಇಟ್ಟುಕೊಳ್ಳುವುದು ಇಲ್ಲಿನ ಕಾನೂನಿಗೆ ತಪ್ಪೇ. ಆದರೆ ಊರಿನವನ ಮೇಲೆ ಕಂಪ್ಲೇಂಟ್ ಕೊಟ್ಟವನು ನಾಳೆ ಊರಲ್ಲಿ ಮುಖ ತೋರಿಸಬೇಕಲ್ಲ.

ಕ್ಲಾಸ್ ನಡೆಯುವ ಅಲ್ ಸದ್ದ್ ಬಡಾವಣೆ ಬರುವವರೆಗೆ ಅವಳು ಆ ಕೊನೆಯ ಪುಟವನ್ನೇ ತೆರೆದು ನೋಡುತ್ತಾ ಕೂತಳು. ಕೆಲಸವೂ ಹೋಯಿತು, ಇವಳೂ ಹೋದಳು ಎಂದುಕೊಂಡೆ.

ಅವಳ ಅಣ್ಣನ ಫ್ಲ್ಯಾಟಿನಲ್ಲಿ ಕನ್ನಡ ಕ್ಲಾಸಿನ ಮಕ್ಕಳು ಕಾರ್ಪೆಟ್ ಮೇಲೆ, ಅಪ್ಪ ಅಮ್ಮಂದಿರು ಹಿಂದೆ, ಸೋಫಾದಲ್ಲಿ ಯಜ್ಞೇಶ್. ನಾನು ಬಾಗಿಲಲ್ಲಿ, ಚಪ್ಪಲಿಗಳ ಹತ್ತಿರ. ಅಕ್ಷಯಾ ಓದುತ್ತಾ ಹೋಗಿ, ಕೊನೆಯ ಪುಟ ತಿರುಗಿಸದೆ ಪುಸ್ತಕ ಮುಚ್ಚಿದಳು.

"ಟೀಚರ್, ಲಾಸ್ಟ್ ಪೇಜ್?" ಮೈರಾ ಎಂಬ ಹುಡುಗಿ ಕೇಳಿದಳು.

"ಅದನ್ನು ತಪ್ಪು ಬರೆದಿದ್ದೇನೆ. ನೀವೇ ಹೇಳಿ, ಸರಪಳಿ ಯಾರು ಬಿಚ್ಚಬೇಕು?"

"ಅವಳೇ. ಕಲ್ಲಲ್ಲಿ ಬ್ರೇಕ್ ಮಾಡ್ಬೇಕು."

"ಒಡೆಯ ಬಿಚ್ಚಿದ್ರೆ ಥ್ಯಾಂಕ್ಸ್ ಹೇಳ್ಬೇಕಾ?"

"ವೈ? ಅದು ಅವಳ ಕಾಲು."

ಅಕ್ಷಯಾ ತಲೆಯೆತ್ತಿ ನನ್ನನ್ನೇ ನೋಡಿದಳು. ನನ್ನ ಪರವಾಗಿ ಒಂದು ಮಾತೂ ಆಡಲಿಲ್ಲ. ನೋಡುತ್ತಲೇ ಇದ್ದಳು.

"ಯಜ್ಞೇಶಣ್ಣ," ಎಂದೆ. ಚಪ್ಪಲಿಗಳನ್ನು ದಾಟಿ ಒಳಗೆ ಬಂದೆ. "ನನ್ನ ಪಾಸ್‌ಪೋರ್ಟ್ ಕೊಡಿ. ಈಗ."

"ಎಂತ ಮಾರಾಯ, ಇಲ್ಲಿ? ಕೊಟ್ರೆ ನಾಳೆಯಿಂದ ಕೆಲಸ ಇಲ್ಲ, ನೋಡು."

"ಆಯ್ತು. ಖಲಾಸ್."

ಎಲ್ಲರ ಕಣ್ಣೂ ಅವನ ಮೇಲೆ. "ಕೊಡಿ ಮಾರ್ರೆ," ಎಂದರು ಮೈರಾಳ ಅಪ್ಪ ರಿಝ್ವಾನ್, "ಮಕ್ಕಳು ನೋಡ್ತಾ ಉಂಟು."

ಯಜ್ಞೇಶ್ ಕೆಳಗಿನ ಮಹಡಿಯ ಆಫೀಸಿಗೆ ಹೋಗಿ ತಂದು, ನನ್ನ ಕೈಗೆ ಕೊಡದೆ ಮೇಜಿನ ಮೇಲೆ ಎಸೆದ. ನಾನು ವ್ಯಾನಿನ ಕೀ ಅದೇ ಜಾಗದಲ್ಲಿಟ್ಟೆ.

ಲಿಫ್ಟಿನವರೆಗೆ ಅಕ್ಷಯಾ ನನ್ನ ಹಿಂದೆಯೇ ಬಂದಳು.

"ಹೋಗ್ತೀರಾ?"

"ತಂಗಿಯನ್ನು ನೋಡಿ ಬರ್ತೇನೆ. ಇಲ್ಲೇ ಬೇರೆ ಕೆಲಸ ಹುಡುಕ್ತೇನೆ. ಆಮೇಲೆ ನಿಮ್ಮ ಅಣ್ಣನ ಹತ್ತಿರ ಇನ್ನೊಂದು ಕೇಳ್ಲಿಕ್ಕುಂಟು."

ಎಡ ಹುಬ್ಬು ಏರಿತು.

"ಅದು ಅಣ್ಣನ ಡ್ರಾಯರ್‌ನಲ್ಲಿ ಇಲ್ಲ, ದುಗ್ಗು. ನನ್ನನ್ನು ಕೇಳಿ."

ಲಿಫ್ಟು ಬಂತು, ಬಾಗಿಲು ತೆರೆಯಿತು, ಮುಚ್ಚಿತು. ನಾನು ಹತ್ತಲಿಲ್ಲ. ಅವಳನ್ನೇ ಕೇಳಿದೆ.