ಏಳು ನಿಮಿಷ ಸುಮ್ಮನೆ ಕೂತವಳು

"ಏಯ್... ಕೂತ್ಕೊಳ್ರೀ! ಕಂಬದ ಥರ ನಿಂತ್ರೆ ಮಕ್ಕಳು ಹೆದರಲ್ವಾ?"

ಬಾಗಿಲಲ್ಲಿ ನಿಂತಿದ್ದ ಎತ್ತರದ ಯುವಕ ಬೆಚ್ಚಿಬಿದ್ದು, ಕೈಗೆ ಸಿಕ್ಕ ಕುರ್ಚಿಯಲ್ಲಿ ಕೂತ. ಅದು ಮೂರು ವರ್ಷದ ಮಕ್ಕಳ ಕುರ್ಚಿ! ಮೊಣಕಾಲು ಗಲ್ಲಕ್ಕೆ ತಾಗಿತು. ಇಡೀ ಕೋಣೆ ಕಿಲಕಿಲ ನಕ್ಕಿತು.

ಹಿಂದೆಯೇ ಬಂದ ಹೆಡ್ ಮೇಡಂ ಹಣೆ ಚಚ್ಚಿಕೊಂಡರು. "ಅಯ್ಯೋ, ಇವರು ಟೀಚರ್‌ಗಳಿಗೆ ತರಬೇತಿ ಕೊಡೋಕೆ ಬಂದಿರೋ ಸರ್ ಕಣೇ! ಹತ್ತು ದಿನ ನಿಮ್ಮ ಕೆಲಸ ನೋಡಿ ವರದಿ ಬರೀತಾರೆ."

ಅವನನ್ನು ಗದರಿಸಿ ಕೂರಿಸಿದ್ದ ಟೀಚರ್ ನಾಲಿಗೆ ಕಚ್ಚಿಕೊಂಡಳು.

ಆರು ವರ್ಷದ ಹಿಂದೆ ಈ ಶಿಶುವಿಹಾರಕ್ಕೆ ನೆಲ ಒರೆಸಲು ಬಂದವಳು ಅವಳು. ಅಳುವ ಮಕ್ಕಳೆಲ್ಲ ಟೀಚರನ್ನು ಬಿಟ್ಟು ಅವಳ ಮಡಿಲಿಗೇ ಓಡತೊಡಗಿದಾಗ, ಹೆಡ್ ಮೇಡಂ ತರಗತಿಯನ್ನೇ ಒಪ್ಪಿಸಿದ್ದರು. ಮಕ್ಕಳಿಗೆ ಅವಳು 'ಟೀಚರಕ್ಕ'. ಆದರೆ ಸರ್ಟಿಫಿಕೇಟ್? ಇಲ್ಲ! ಥೂ, ಈ ಲೋಕವೇ ಹಾಗೆ... ಕೂಸನ್ನು ಸಮಾಧಾನ ಮಾಡುವ ಕೈಗಿಂತ ಮೊಹರು ಬಿದ್ದ ಕಾಗದಕ್ಕೇ ಮರ್ಯಾದೆ ಹೆಚ್ಚು!

ವರದಿ ಕೆಟ್ಟರೆ ಮತ್ತೆ ಕೈಗೆ ಒರೆಸುವ ಬಟ್ಟೆ.

ಅವನು ದಿನಾ ಬಂದ. ಅದೇ ಪುಟ್ಟ ಕುರ್ಚಿ, ಅದೇ ನೋಟ್‌ಬುಕ್. ಮಕ್ಕಳು 'ಕುರ್ಚಿ ಮಾಮ' ಎಂದು ಹೆಸರಿಟ್ಟರು. ಅವರು ಬಡಿಸಿದ ಮಣ್ಣಿನ ಊಟವನ್ನು ತಿಂದಂತೆ ನಟಿಸಿ, "ಉಪ್ಪು ಸ್ವಲ್ಪ ಕಮ್ಮಿ ಕಣ್ರಪ್ಪಾ" ಎನ್ನುತ್ತಿದ್ದ. ಅವಳಿಗೆ ನಗು ತಡೆಯಲಾಗುತ್ತಿರಲಿಲ್ಲ.

ಅವನು ತಡವಾಗಿ ಬಂದ ದಿನ ಅವಳ ಕಣ್ಣು ಬಾಗಿಲಿಗೇ ಅಂಟಿಕೊಂಡಿತ್ತು. ಛೀ, ನನಗೇನಾಗಿದೆ?

ಒಂಬತ್ತನೆಯ ದಿನ ಅವನು ನೀರು ಕುಡಿಯಲು ಎದ್ದಾಗ ನೋಟ್‌ಬುಕ್‌ನ ತೆರೆದ ಪುಟ ಅವಳ ಕಣ್ಣಿಗೆ ಬಿತ್ತು.

'ಟೀಚರ್ ಏಳು ನಿಮಿಷ ಸುಮ್ಮನೆ ಕೂತಿದ್ದರು. ಏನೂ ಮಾಡಲಿಲ್ಲ.'

ಅವಳ ಕಣ್ಣು ಮಂಜಾಯಿತು. ಎದುರಿಗೆ ನಗಿಸಿ, ಬೆನ್ನ ಹಿಂದೆ ಇದಾ ಬರೆಯೋದು?

ಅವನು ಮರಳುತ್ತಲೇ ಸಿಡಿದಳು. "ಬರೀರಿ ಸರ್, ಇನ್ನೂ ಬರೀರಿ! ನಾಳೆಯಿಂದ ನೀವು ಓಡಾಡೋ ನೆಲ ಒರೆಸ್ತೀನಿ!"

"ರೀ, ಪೂರ್ತಿ ಓದಿ..."

"ನನಗೆ ಓದು ಕಮ್ಮಿ!"

ಮರುದಿನ ತರಬೇತಿ. ಹಾಲ್‌ನಲ್ಲಿ ಟೀಚರ್‌ಗಳೆಲ್ಲ ಸೇರಿದ್ದರು. ಅವಳು ಬಾಗಿಲ ಪಕ್ಕ ಕೂತಳು. ಅವನು ನೋಟ್‌ಬುಕ್ ತೆರೆದು ಅದೇ ಸಾಲನ್ನು ಗಟ್ಟಿಯಾಗಿ ಓದಿದ! ಅವಳು ಹೊರಟುಬಿಡಲು ಎದ್ದಳು.

ಅವನು ಪುಟ ತಿರುಗಿಸಿದ.

"'ಮಗು ಶೂ ಹಾಕಿಕೊಳ್ಳಲು ಒದ್ದಾಡುತ್ತಿತ್ತು. ಐದು ಸಲ ತಪ್ಪಿತು. ಆಟದ ಗಂಟೆ ಹೊಡೆಯಿತು. ಆದರೂ ಅವರ ಕೈ ಮುಂದೆ ಬರಲಿಲ್ಲ, ಕಣ್ಣು ಮಗುವನ್ನು ಬಿಡಲಿಲ್ಲ. ಆರನೆಯ ಸಲ ಕಾಲು ಒಳಗೆ ಹೋಯಿತು. ಮಗು ಕೂಗಿತು, ಟೀಚರಕ್ಕಾ, ನಾನೇ ಹಾಕ್ಕೊಂಡೆ!'"

ಅವನು ನೋಟ್‌ಬುಕ್ ಮುಚ್ಚಿ ಬಾಗಿಲ ಕಡೆ ಕೈ ತೋರಿದ. "ಮಕ್ಕಳಿಗಾಗಿ ಕಾಯಬೇಕು ಅಂತ ನಾಲ್ಕು ವರ್ಷದಿಂದ ಊರೂರಲ್ಲಿ ಹೇಳ್ತಿದ್ದೀನಿ. ಕಾಯೋದು ಹೇಗೆ ಅಂತ ನೋಡಿದ್ದು ಇಲ್ಲೇ. ಇವತ್ತು ಕಲಿಸೋದು ನಾನಲ್ಲ... ಇವರು!"

ಚಪ್ಪಾಳೆಯ ಸದ್ದಿನ ನಡುವೆ ಹೆಡ್ ಮೇಡಂ ಕೂಗಿದರು. "ಬಾರೇ ಮುಂದೆ! ತರಗತಿ ನಿಂದೇ. ಟೀಚರ್ ಕೋರ್ಸಿಗೂ ಕಳಿಸ್ತೀನಿ. ಆ ಕಾಗದವೂ ಬಂದು ಬಿದ್ದಿರಲಿ!"

ಸಂಜೆ ಅವಳು ಒಬ್ಬಳೇ ನೆಲದಲ್ಲಿ ಕೂತು ಆಟದ ಸಾಮಾನು ಜೋಡಿಸುತ್ತಿದ್ದಳು. ಅವನು ಬಂದವನೇ ನೆಲದ ಮೇಲೆ ಕೂತ, ಅವಳ ಕಣ್ಣಿಗೆ ಕಣ್ಣು ಸಮನಾಗಿ.

"ನಿನ್ನೆ ಬಾಯಿಗೆ ಬಂದ ಹಾಗೆ ಅಂದ್ಬಿಟ್ಟೆ..." ಅವಳು ತಲೆ ತಗ್ಗಿಸಿದಳು.

"ಬಿಡ್ರೀ. ವರದಿ ಕೊಟ್ಟಾಯ್ತು, ಇನ್ನು ನಾನಿಲ್ಲಿ ಸರ್ ಅಲ್ಲ. ಅದಕ್ಕೇ ಈಗ ಕೇಳ್ತಿದ್ದೀನಿ... ನನ್ನನ್ನ ಮದುವೆ ಆಗ್ತೀರಾ?"

ಅವಳು ಜೋಡಿಸಿಟ್ಟ ಸಾಮಾನನ್ನೇ ಮತ್ತೆ ತೆಗೆದು ಜೋಡಿಸತೊಡಗಿದಳು. ಅವನು ಸುಮ್ಮನೆ ಕೂತ. ಕೈ ಮುಂದೆ ಬರಲಿಲ್ಲ, ಕಣ್ಣು ಅವಳನ್ನು ಬಿಡಲಿಲ್ಲ.

"ಏನ್ರೀ... ಮಾತೇ ನಿಲ್ಲಿಸಿಬಿಟ್ರಿ?"

"ನಿಮ್ಮಿಂದ ಕಲಿತಿದ್ದು. ಏಳು ನಿಮಿಷ ಕಾಯ್ತೀನಿ."

ಅವಳು ಅಳುತ್ತಲೇ ನಕ್ಕಳು. ತಾನೇ ಕೈ ಚಾಚಿ ಅವನ ಕೈ ಹಿಡಿದಳು.

"ಅಷ್ಟು ಹೊತ್ತು ಬೇಡ ಕಣ್ರೀ... 'ಹೂಂ' ಅನ್ನೋದು ನನಗೆ ಒಂದೇ ಸಲಕ್ಕೆ ಬಂತು!"